ಅಟ್ಟದ ಮೇಲಿನ ಕೇಪಿನ ಕೋವಿ ಯಾರ ಸ್ವತ್ತು?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದೊಂದು ಅಡಿಕೆ ತೋಟವಿದೆ. ಕಳೆದ ಮಳೆಗಾಲದಲ್ಲಿ ತಂದೆ ತೀರಿಕೊಂಡರು. ಬೆಳೆ ರಕ್ಷಣೆಗೆಂದು ಅವರ ಹೆಸರಿನಲ್ಲಿ ಪರವಾನಗಿ ಪಡೆದಿದ್ದ, ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿಯೊಂದು (ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹೊಡೆಯುವಂಥದ್ದು) ಮನೆಯಲ್ಲಿದೆ. ಪರವಾನಗಿಯ ಅವಧಿ ಮುಗಿಯಲು ಇನ್ನೂ ಎರಡು ವರ್ಷ ಬಾಕಿಯಿದೆ. ಮದ್ದು ತುಂಬಿ ಹೊಡೆಯುವ ಹಳೆಯ ಕೋವಿಗೆ ಕಾನೂನಿನ ತೊಡಕಿಲ್ಲ ಎಂದು ಅಮೆರಿಕದಲ್ಲಿರುವ ತಮ್ಮ ಹೇಳುತ್ತಾನೆ. ನಾವು ಸುಮ್ಮನಿರಬಹುದೇ?

ಉತ್ತರ: ಸುಮ್ಮನಿರಬೇಡಿ. ನಿಮ್ಮ ತಮ್ಮ ಹೇಳಿದ್ದು ಅವರಿರುವ ದೇಶದ ಮಟ್ಟಿಗೆ ಬಹುಪಾಲು ನಿಜ. ಅಲ್ಲಿನ 1968ರ ಕೇಂದ್ರ ಕಾಯ್ದೆಯು 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಕೋವಿಗಳನ್ನು ಪುರಾತನವೆಂದು ಪ್ರತ್ಯೇಕಿಸಿ, ಅವುಗಳಿಗೆ ಹೆಚ್ಚಿನ ನಿರ್ಬಂಧಗಳಿಂದ ವಿನಾಯಿತಿ ಕೊಟ್ಟಿದೆ. ಆದರೆ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮು ಮದ್ದಿನ ಕೋವಿ, ತೋಟೆ (ಕಾರ್ಟ್ರಿಜ್) ಕೋವಿ ಎಂದು ಭೇದ ಮಾಡುವುದಿಲ್ಲ. ಸಿಡಿಯಬಲ್ಲ ಕೋವಿ ಯಾವುದೇ ಆದರೂ ಅದನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು.

ಪರವಾನಗಿ ವ್ಯಕ್ತಿಗೆ ಸಿಕ್ಕಿದ್ದೇ ಹೊರತು ಮನೆತನಕ್ಕೆ ಸಿಕ್ಕಿದ್ದಲ್ಲ. ತಂದೆಯವರೊಂದಿಗೇ ಅದರ ಬಲವೂ ಮುಗಿಯಿತು. ಪುಸ್ತಕದಲ್ಲಿ ಇನ್ನೂ ಎರಡು ವರ್ಷದ ಮುದ್ರೆಯಿದೆ ಎಂಬುದರಿಂದ ನಿಮಗೆ ಯಾವ ರಕ್ಷಣೆಯೂ ಇಲ್ಲ. ಕೋವಿ ಆಸ್ತಿಯಾಗಿ ವಾರಸುದಾರರಿಗೆ ಬರುತ್ತದೆ, ಅದನ್ನು ಕೈಯಲ್ಲಿಟ್ಟುಕೊಳ್ಳುವ ಹಕ್ಕು ಮಾತ್ರ ತಾನಾಗಿ ಬರುವುದಿಲ್ಲ. ಮಲೆನಾಡಿನ ಎಷ್ಟೋ ಮರ್ಯಾದಸ್ಥ ಕುಟುಂಬಗಳು ಈ ಒಂದು ವ್ಯತ್ಯಾಸ ತಿಳಿಯದೆ ಸಂಕಟಕ್ಕೆ ಸಿಕ್ಕಿಕೊಳ್ಳುವುದರಿಂದ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷದ ಸೆರೆವಾಸ ಮತ್ತು ದಂಡವಿದೆ.

ಆದ್ದರಿಂದ ಮೊದಲು ಮರಣ ಪ್ರಮಾಣಪತ್ರ ಮತ್ತು ಪರವಾನಗಿ ಪುಸ್ತಕದೊಂದಿಗೆ ಕೋವಿಯನ್ನು ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಕೋವಿ ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ನಳಿಗೆಯಲ್ಲಿ ಹಳೆಯ ಮದ್ದು ಉಳಿದಿರಬಹುದು ಎಂಬ ಎಚ್ಚರವಿರಲಿ, ಮುಂಚಿತವಾಗಿ ಠಾಣೆಗೆ ತಿಳಿಸಿ ಅವರ ಸೂಚನೆಯಂತೆ ಒಯ್ಯಿರಿ. ಠೇವಣಿ ಇಟ್ಟ ಮಾತ್ರಕ್ಕೆ ಕೋವಿ ಕೈತಪ್ಪಿ ಹೋಗುವುದಿಲ್ಲ. 21ನೇ ಕಲಮಿನ ಪ್ರಕಾರ, ಗೊತ್ತುಪಡಿಸಿದ ಅವಧಿಯೊಳಗೆ ನೀವು ಅರ್ಹತೆ ಪಡೆದರೆ ಅದನ್ನು ಮರಳಿ ಪಡೆಯಬಹುದು, ಇಲ್ಲವೇ ಅರ್ಹರಿಗೆ ಮಾರಬಹುದು. ಅನಂತರ 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಡಿ, ವಾರಸುದಾರರಲ್ಲಿ ಒಬ್ಬರು ಉಳಿದವರ ಒಪ್ಪಿಗೆಪತ್ರದೊಂದಿಗೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಸುರಕ್ಷಿತ ಬಳಕೆಯ ತರಬೇತಿಯ ಪ್ರಮಾಣಪತ್ರವೂ ಇರಬೇಕು. ಇದೇ ನಿಯಮದ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವರಲ್ಲಿ 25 ವರ್ಷ ಇದ್ದಾಗ, ಅವೆರಡರಲ್ಲಿ ಯಾವುದು ಮೊದಲೋ ಆಗ, ಅವರು ಬದುಕಿರುವಾಗಲೇ ವಾರಸುದಾರರನ್ನು ಹೆಸರಿಸಬಹುದು. ಮನೆಯಲ್ಲಿ ವಯಸ್ಸಾದ ಪರವಾನಗಿದಾರರಿರುವ ಓದುಗರು ಈ ಅವಕಾಶವನ್ನು ದಯವಿಟ್ಟು ಬಳಸಿಕೊಳ್ಳಿ.

ಪ್ರಶ್ನೆ: ಬೆಳೆ ರಕ್ಷಣೆಗೆ ಕೇಪಿನ ಕೋವಿ ಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಜಮೀನು ಕಡಿಮೆಯಿದೆ, ಪರವಾನಗಿ ಸಿಗುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ಅಧಿಕಾರಿಯ ಇಚ್ಛೆಯೇ ಅಂತಿಮವೇ?

ಉತ್ತರ: ಅಲ್ಲ. ಇಡೀ ಕಾಯ್ದೆಯಲ್ಲಿ ಸಣ್ಣ ರೈತನ ಪರವಾಗಿ ಇಷ್ಟು ಸ್ಪಷ್ಟವಾಗಿರುವ ಸಾಲು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 13ನೇ ಕಲಮಿನ 3ನೇ ಉಪಕಲಮಿನಂತೆ, ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳುವ ಭಾರತೀಯ ನಾಗರಿಕನಿಗೆ ಪರವಾನಗಿಯನ್ನು ‘ಕೊಡತಕ್ಕದ್ದು’, ‘ಕೊಡಬಹುದು’ ಎಂದಲ್ಲ. ಪಿಸ್ತೂಲು, ರಿವಾಲ್ವರ್ ಕೇಳುವವರು ತಮಗೆ ಸಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಕೇಪಿನ ಕೋವಿ ಕೇಳುವ ರೈತನ ಮೇಲೆ ಅಂಥ ಭಾರವಿಲ್ಲ. 14ನೇ ಕಲಮಿನ ಕಾರಣಗಳಿದ್ದರೆ, ಉದಾಹರಣೆಗೆ ಸಾರ್ವಜನಿಕ ಶಾಂತಿಗೆ ಧಕ್ಕೆಯೆಂದು ಕಂಡುಬಂದರೆ, ಅಧಿಕಾರಿ ನಿರಾಕರಿಸಬಹುದು ನಿಜ. ಆದರೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು ಅದೇ ಕಲಮು ಹೇಳುತ್ತದೆ. ನಿರಾಕರಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. 18ನೇ ಕಲಮಿನಡಿ ಮೇಲ್ಮನವಿಗೆ ಅದೇ ಆಧಾರ.

ಆದರೆ ನಿಮ್ಮ ಊರು ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗಿದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಇಲ್ಲದೆ ಹೊಸ ಪರವಾನಗಿ ಸಿಗದು. ಬೆಳೆ ರಕ್ಷಣೆಯ ಪರವಾನಗಿ ಪ್ರಾಣಿ ಕೊಲ್ಲಲು ಕೊಟ್ಟ ಅನುಮತಿಯೂ ಅಲ್ಲ. ತೋಟಕ್ಕೆ ನುಗ್ಗಿದ ಹಂದಿಯನ್ನು ಗದ್ದಲದಿಂದ ಓಡಿಸುವುದು ಬೇರೆ. ಗುರಿಯಿಟ್ಟು ಹೊಡೆಯಲು ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು.

ಪ್ರಶ್ನೆ: ಕುದುರೆ (ಕೇಪಿಗೆ ಬಡಿಯುವ ಭಾಗ) ಮುರಿದು, ನಳಿಗೆ ತುಕ್ಕು ಹಿಡಿದ ಹಳೆಯ ಕೋವಿಯನ್ನು ಗೋಡೆಗೆ ತೂಗುಹಾಕಬಹುದೇ? ಊರಿನ ಕಮ್ಮಾರರಿಂದ ಅದನ್ನು ಸರಿಪಡಿಸಿಕೊಳ್ಳಬಹುದೇ?

ಉತ್ತರ: ಈ ಎರಡು ಪ್ರಶ್ನೆಗಳು ಒಂದಕ್ಕೊಂದು ವಿರುದ್ಧವಾಗಿವೆ. ಬಳಕೆ ತಪ್ಪಿದ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವನ್ನು 45ನೇ ಕಲಮು ಕಾಯ್ದೆಯ ಹೊರಗಿಟ್ಟಿದೆ, ಆದರೆ ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬಾರದಂತಿರಬೇಕು. ಕಮ್ಮಾರರು ಸರಿಪಡಿಸಬಲ್ಲ ಕೋವಿಗೆ ಈ ರಿಯಾಯಿತಿ ಸಲ್ಲದು. ಜೊತೆಗೆ, ಪರವಾನಗಿಯಿಲ್ಲದೆ ವೃತ್ತಿಯಾಗಿ ಕೋವಿ ರಿಪೇರಿ ಮಾಡುವುದು 5ನೇ ಕಲಮಿನಡಿ ನಿಷಿದ್ಧವಾದ್ದರಿಂದ ನಿಮ್ಮ ಜೊತೆ ಆ ಕಮ್ಮಾರರೂ ಆರೋಪಿಯಾಗುತ್ತಾರೆ. ನಿಮ್ಮ ಕೋವಿ ಯಾವ ವರ್ಗಕ್ಕೆ ಸೇರುತ್ತದೆಂದು ನೀವೇ ತೀರ್ಮಾನಿಸದೆ, ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತ ಉತ್ತರ ಪಡೆದುಕೊಳ್ಳಿ.

ಪ್ರಶ್ನೆ: ನಾವು ಮೈಸೂರಿನವರು, ಮಡಿಕೇರಿಯ ಬಳಿ ತೋಟ ಕೊಂಡಿದ್ದೇವೆ. ಕೊಡಗಿನಲ್ಲಿ ಕೋವಿಗೆ ಪರವಾನಗಿ ಬೇಡವಂತೆ, ನಿಜವೇ?

ಉತ್ತರ: ಆ ವಿನಾಯಿತಿ ಜಿಲ್ಲೆಯ ನೆಲಕ್ಕಲ್ಲ, ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಹಿಡುವಳಿ) ಹಿಡುವಳಿದಾರರಿಗೆ. ಬ್ರಿಟಿಷರ ಕಾಲದಿಂದ ಬಂದ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಜಮೀನು ಕೊಂಡ ಮಾತ್ರಕ್ಕೆ ಅದು ನಿಮಗೆ ಅನ್ವಯಿಸುವುದಿಲ್ಲ. ತೋಟದ ಜೊತೆಗೆ ಹಳೆಯ ಮಾಲೀಕರು ಕೋವಿಯನ್ನೂ ಬಿಟ್ಟುಹೋಗಿದ್ದರೆ, ಅದನ್ನು ಇವತ್ತೇ ಠಾಣೆಗೆ ತಿಳಿಸಿ.