ಸಂಪಾದಕರ ಉತ್ತರ: ಕೋಡಿಬಾಗದ ಕೋಣೆಯಲ್ಲಿ ಕೇಳಿದ ಏಳು ಮಾತ್ರೆ

ಮಾನ್ಯ ಅಕ್ಕೋರೆ,

ತಮ್ಮ ಪತ್ರ ಕೈಸೇರಿದೆ. ಶಿರಸಿ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು ತಾವೆಂದು ಅದರಿಂದ ತಿಳಿಯಿತು. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಶಿಕ್ಷಕಿಯರನ್ನು ಕರೆಯುವ ರೂಢಿಯ ಮಾತಿನಿಂದಲೇ ತಮ್ಮನ್ನು ಸಂಬೋಧಿಸಿದ್ದೇನೆ. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ರಾಕ್ ತಂಡದ ಸಂಗೀತದೊಂದಿಗೆ ಕಳೆದ ಕಾಲೇಜು ದಿನಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ತಮಗೆ ನೋವು ತಂದಿದೆ. ಕಾರವಾರದಲ್ಲಿ ಓದುತ್ತಿರುವ ತಮ್ಮ ಮಗ ರಜೆಗೆ ಬಂದಾಗಲೂ ಹೆಡ್‌ಫೋನ್ ಹಾಕಿಕೊಂಡು ಅದೇ ತಂಡವನ್ನು ಕೇಳುತ್ತ ಮಲಗಿರುತ್ತಾನೆ, ಊರಿನಲ್ಲಿ ಯಕ್ಷಗಾನದ ಆಟವಿದ್ದರೆ ಕರೆದರೂ ಬರುವುದಿಲ್ಲ, ಕಳೆದ ಪರೀಕ್ಷೆಯಲ್ಲಿ ಎರಡು ವಿಷಯ ಉಳಿಸಿಕೊಂಡಿದ್ದಾನೆ ಎಂದು ಬರೆದಿದ್ದೀರಿ. ನಮ್ಮದಲ್ಲದ ಈ ಹಾಡುಗಳಿಂದ ಹುಡುಗರಿಗೆ ಸಿಗುವುದಾದರೂ ಏನು, ಕನ್ನಡ ಪತ್ರಿಕೆಯೊಂದು ಅದಕ್ಕೆ ಪುಟ ಕೊಡುವುದೇಕೆ ಎಂದು ಕೇಳಿದ್ದೀರಿ. ಇದಕ್ಕೆ ಎರಡು ಸಾಲಿನ ಉತ್ತರ ಕೊಡಲು ನನ್ನಿಂದಾಗದು. ಏಕೆಂದರೆ ಅದೇ ಕಾರವಾರದಲ್ಲಿ, ಅದೇ ತಂಡವನ್ನು ಕೇಳುತ್ತ, ನಾನೂ ಮೂರು ವರ್ಷ ಓದಿದ್ದೇನೆ.

ಅದು 1980ರ ದಶಕದ ನಡುಭಾಗ. ಕೋಡಿಬಾಗದಲ್ಲಿ ಹಂಚಿನ ಮನೆಯೊಂದರ ಹಿಂಬದಿಯ ಕೋಣೆಯನ್ನು ನಾವು ಮೂವರು ಬಾಡಿಗೆಗೆ ಹಿಡಿದಿದ್ದೆವು. ಸದಾಶಿವಗಡದ ಸಹಪಾಠಿಯೊಬ್ಬನ ಅಣ್ಣ ಕೊಲ್ಲಿ ದೇಶದಿಂದ ತಂದ ಕ್ಯಾಸೆಟ್ಟುಗಳಿಂದ ನಕಲು ಮಾಡಿಸಿಕೊಂಡ ತೊಂಬತ್ತು ನಿಮಿಷದ ಒಂದೇ ಒಂದು ಕ್ಯಾಸೆಟ್ ನಮ್ಮ ಬಳಿ ಇತ್ತು. ಅದರ ಒಂದು ಮಗ್ಗುಲಲ್ಲಿ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್', ಇನ್ನೊಂದು ಮಗ್ಗುಲಲ್ಲಿ 1975ರ 'ವಿಶ್ ಯು ವರ್ ಹಿಯರ್'. ಎರಡೂ ನಲವತ್ತೈದು ನಿಮಿಷದೊಳಗಿನ ಆಲ್ಬಮ್‌ಗಳಾದ್ದರಿಂದ ಒಂದೊಂದೂ ಒಂದೊಂದು ಮಗ್ಗುಲಿಗೆ ಪೂರ್ತಿಯಾಗಿ ಹಿಡಿಸಿದ್ದವು. ಈ ಚಿಕ್ಕ ವಿವರವನ್ನು ಬೇಕೆಂದೇ ಹೇಳುತ್ತಿದ್ದೇನೆ. ಮುಂದಕ್ಕೆ ಓಡಿಸಿದರೆ ಟೇಪು ಸಿಕ್ಕಿಕೊಳ್ಳುತ್ತಿದ್ದ ಹಳೆಯ ಟೂ-ಇನ್-ಒನ್ ನಮ್ಮದು. ಹೀಗಾಗಿ ಮೆಚ್ಚಿದ ಹಾಡನ್ನಷ್ಟೇ ಆರಿಸಿ ಕೇಳುವ ಸೌಕರ್ಯ ನಮಗಿರಲಿಲ್ಲ. ಕೂತರೆ ಮೊದಲಿನಿಂದ ಕೊನೆಯವರೆಗೆ, ಹಾಡಿನಿಂದ ಹಾಡಿಗೆ ತಡೆಯಿಲ್ಲದೆ ಹರಿಯುವ ಆ ಸಂಗೀತದ ಜೊತೆಗೇ ಕೂರಬೇಕಿತ್ತು. ಅಷ್ಟು ಹೊತ್ತು ಮಾತಾಡದೆ ಒಂದು ಸಂಗೀತಕ್ಕೆ ಕಿವಿಗೊಟ್ಟದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಕೋಣೆಯ ಮೂವರಲ್ಲಿ ಒಬ್ಬ ತಮ್ಮ ಶಿರಸಿ ಕಡೆಯ ಹಳ್ಳಿಯವನು. ಅವನ ತಂದೆ ಹವ್ಯಾಸಿ ಮದ್ದಳೆಗಾರರು. 'ಡಾರ್ಕ್ ಸೈಡ್' ಎರಡನೆಯ ಅರ್ಧಕ್ಕೆ ಹೊರಳುವಲ್ಲಿ ಹಣವನ್ನು ಕುರಿತ ಹಾಡೊಂದಿದೆ. ನಾಣ್ಯಗಳ ಮತ್ತು ಗಲ್ಲಾಪೆಟ್ಟಿಗೆಯ ಸದ್ದುಗಳೇ ಲಯವಾಗಿ ಜೋಡಿಸಿಕೊಂಡು ಆ ಹಾಡು ಶುರುವಾಗುತ್ತದೆ. ಮೊದಲ ಸಲ ಅದನ್ನು ಕೇಳಿದಾಗ ನನಗೆ ಏನೋ ಕುಂಟಿದಂತೆ ತೋರಿತು. ಅವನು ಮಾತ್ರ ಎದ್ದು ಕುಳಿತು, ಟ್ರಂಕಿನ ಮೇಲೆ ಬೆರಳಾಡಿಸುತ್ತ, ಮೂರು, ಎರಡು, ಎರಡು ಎಂದು ಎಣಿಸಿ, "ಇದು ತ್ರಿವುಡೆಯೇ ಮಾರಾಯಾ" ಎಂದ. ತ್ರಿವುಡೆ ನಮ್ಮ ಯಕ್ಷಗಾನದ ಏಳು ಮಾತ್ರೆಯ ತಾಳ. ನಿಜಕ್ಕೂ ಆ ಹಾಡು ಏಳು ಮಾತ್ರೆಯದು. ರಾಕ್ ಸಂಗೀತದ ಬಹುಪಾಲು ನಾಲ್ಕು ಮಾತ್ರೆಯಲ್ಲಿ ನಡೆಯುವಾಗ ಇದು ಏಳರಲ್ಲಿ ನಡೆಯುತ್ತದೆ. ಸ್ಯಾಕ್ಸೊಫೋನ್ ಕೂಡ ಏಳರಲ್ಲೇ ನುಡಿಯುತ್ತದೆ. ಗಿಟಾರಿನ ಸರದಿ ಬಂದಾಗ ಮಾತ್ರ ನಾಲ್ಕಕ್ಕೆ ಹೊರಳಿ, ಕೊನೆಯ ಚರಣಕ್ಕೆ ಮತ್ತೆ ಏಳಕ್ಕೆ ಮರಳುತ್ತದೆ. ಗೆಳೆಯ ಇದನ್ನೆಲ್ಲ ಯಾವ ಪುಸ್ತಕದ ನೆರವೂ ಇಲ್ಲದೆ, ಭಾಗವತರ ಜಾಗಟೆಯನ್ನು ಕೇಳಿ ಬೆಳೆದ ಕಿವಿಯಿಂದಲೇ ಗುರುತಿಸಿದ. ನಾನೂ ಯಕ್ಷಗಾನದ ಊರಿನವನೇ. ಆದರೆ ಆಟದಲ್ಲಿ ಒಡ್ಡೋಲಗ ಮುಗಿಯುವಷ್ಟರಲ್ಲಿ ಕಂಬಳಿ ಹೊದ್ದು ನಿದ್ದೆ ಹೋಗುತ್ತಿದ್ದವನು. ತ್ರಿವುಡೆ ಎಂದರೇನೆಂದು ನಾನು ಕಲಿತದ್ದು ಲಂಡನ್ನಿನ ತಂಡವೊಂದರ ಹಾಡಿನಿಂದ, ಕಾರವಾರದ ಬಾಡಿಗೆ ಕೋಣೆಯಲ್ಲಿ.

ಅದೇ ಆಲ್ಬಮ್ಮಿನಲ್ಲಿ ಇನ್ನೊಂದು ಕಡೆ ಕ್ಲೇರ್ ಟೋರಿ ಎಂಬ ಗಾಯಕಿ ಒಂದೇ ಒಂದು ಪದವಿಲ್ಲದೆ, ಬರಿಯ ಸ್ವರದಿಂದ, ಸಾವಿನ ಎದುರು ನಿಂತ ಜೀವದ ಕೂಗನ್ನೂ ಶಾಂತಿಯನ್ನೂ ಹಾಡಿದ್ದಾರೆ. ಆ ಒಂದು ದಿನದ ಕೆಲಸಕ್ಕೆ ಅವರಿಗೆ ಸಂದದ್ದು 30 ಪೌಂಡು. ಆ ರಚನೆಯಲ್ಲಿ ಅವರಿಗೂ ಪಾಲಿದೆ ಎಂದು ಒಪ್ಪಿತವಾಗಲು 2005ರವರೆಗೆ ಕಾಯಬೇಕಾಯಿತು. ನಮ್ಮ ಮನೆಗಳಲ್ಲಿ ಹಿಂದೂಸ್ತಾನಿ ಸಂಗೀತ ಕೇಳುವ ಹಿರಿಯರಿದ್ದರು. ಆಲಾಪ ಶುರುವಾದರೆ ಹಾಡು ಯಾವಾಗ ಬರುತ್ತದೆ ಎಂದು ಚಡಪಡಿಸುತ್ತಿದ್ದ ನನಗೆ, ಆಲಾಪವೇ ಹಾಡು ಎಂಬುದು ಅರ್ಥವಾದದ್ದು ಆ ಗಾಯಕಿಯಿಂದ. ಆ ವರ್ಷ ರಜೆಗೆ ಊರಿಗೆ ಹೋದಾಗ ಬೆಳಗಿನ ಜಾವದವರೆಗೂ ಎಚ್ಚರವಿದ್ದು ಇಡೀ ಆಟವನ್ನು ನೋಡಿದೆ. ಎರಡಕ್ಕೂ ಬೇಕಾದದ್ದು ಒಂದೇ ಬಗೆಯ ತಾಳ್ಮೆಯಾಗಿತ್ತು. ಹೀಗೆ ಮರಳಿ ಬರುವ ದಾರಿ ಎಲ್ಲ ಹುಡುಗರಿಗೂ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ನನಗೆ ಸಿಕ್ಕಿತು, ಅಷ್ಟೇ ಹೇಳಬಲ್ಲೆ.

ವಿದ್ಯಾರ್ಥಿಗಳಿಗೆ ಈ ತಂಡವೇ ಏಕೆ ಹತ್ತಿರವಾಗುತ್ತದೆ ಎಂದರೆ, ಮೊದಲಿಗೆ ಅವರೂ ವಿದ್ಯಾರ್ಥಿಗಳೇ. ರೋಜರ್ ವಾಟರ್ಸ್, ನಿಕ್ ಮೇಸನ್, ರಿಚರ್ಡ್ ರೈಟ್ ಈ ಮೂವರೂ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪ ಓದಲು ಸೇರಿ ಪರಿಚಿತರಾದವರು. 'ಡಾರ್ಕ್ ಸೈಡ್' ಹೊರಬಂದಾಗ ಅದರ ಸಾಹಿತ್ಯವನ್ನೆಲ್ಲ ಬರೆದ ವಾಟರ್ಸ್‌ಗೆ 29 ವರ್ಷ. ಕಾಲವನ್ನು ಕುರಿತು ಅದರಲ್ಲಿರುವ ಹಾಡು, ಬದುಕು ಇನ್ನೇನು ಶುರುವಾಗಲಿದೆ ಎಂದು ಕಾಯುತ್ತ ಕೂತವನಿಗೆ ಅದು ಎಂದೋ ಶುರುವಾಗಿ ಹೋಗಿತ್ತೆಂದು ತಿಳಿಯುವ ಗಳಿಗೆಯದು. ಹತ್ತೊಂಬತ್ತರ ವಯಸ್ಸಿನಲ್ಲಿ ಅದನ್ನು ಕೇಳಿದವರಿಗೆ ತಂದೆ ತಾಯಿ ಹೇಳುವ 'ಹೊತ್ತು ಹಾಳು ಮಾಡಬೇಡ' ಎಂಬ ಮಾತು ಬೇರೆಯೇ ದನಿಯಲ್ಲಿ ಕೇಳಿಸುತ್ತದೆ.

ಆದರೆ ನನ್ನನ್ನು ತಿದ್ದಿದ್ದು ಕ್ಯಾಸೆಟ್ಟಿನ ಎರಡನೆಯ ಮಗ್ಗುಲು. ಮೇಲೆ ಹೇಳಿದ ಗೆಳೆಯ ಎರಡನೆಯ ವರ್ಷದ ಮಳೆಗಾಲದಲ್ಲಿ ಮಾತು ಕಡಿಮೆ ಮಾಡಿದ, ರಾತ್ರಿಯಿಡೀ ಎಚ್ಚರವಿರುತ್ತಿದ್ದ, ತರಗತಿಗೆ ಬರುವುದನ್ನು ಬಿಟ್ಟ. ಕೊನೆಗೊಂದು ದಿನ ಅವನ ತಂದೆ ಬಂದು ಟ್ರಂಕಿನ ಸಮೇತ ಕರೆದುಕೊಂಡು ಹೋದರು. ಮನಸ್ಸಿನ ಕಾಯಿಲೆ ಎಂಬ ಮಾತನ್ನು ಆಗ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನಾವೂ ಆಡಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಅವನ ಜಾಗಕ್ಕೆ ಬೇರೊಬ್ಬ ಬಂದು ಸೇರಿದ.

ಪಿಂಕ್ ಫ್ಲಾಯ್ಡ್ ತಂಡಕ್ಕೆ ಆ ಹೆಸರಿಟ್ಟವರು, ಅದರ ಮೊದಲ ಹಾಡುಗಳಲ್ಲಿ ಹೆಚ್ಚಿನವನ್ನು ಕಟ್ಟಿದವರು ಸಿಡ್ ಬ್ಯಾರೆಟ್. ಮಾದಕ ವಸ್ತು ಮತ್ತು ಮನಸ್ಸಿನ ಅಸ್ವಾಸ್ಥ್ಯದಿಂದ ವೇದಿಕೆಯ ಮೇಲೆ ನಿಲ್ಲುವುದೂ ಕಷ್ಟವಾದಾಗ, 1968ರಲ್ಲಿ ಅವರಿಲ್ಲದೆಯೇ ತಂಡ ಮುಂದೆ ನಡೆಯಿತು. ಏಳು ವರ್ಷಗಳ ಮೇಲೆ ಆ ತಂಡ ಅವರನ್ನು ನೆನೆದು ಮಾಡಿದ ದೀರ್ಘ ರಚನೆಯೇ 'ವಿಶ್ ಯು ವರ್ ಹಿಯರ್' ಆಲ್ಬಮ್ಮಿನ ಆರಂಭದಲ್ಲೂ ಅಂತ್ಯದಲ್ಲೂ ಇದೆ. ಅದರ ಕೆಲಸ ನಡೆದಿದ್ದಾಗ, 1975ರ ಜೂನ್ 5ರಂದು, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡು ಮೈ ತುಂಬಿದ್ದ ವ್ಯಕ್ತಿಯೊಬ್ಬರು ಅಬ್ಬೆ ರೋಡ್ ಸ್ಟುಡಿಯೊಗೆ ಬಂದು ನಿಂತರು. ಅವರೇ ಬ್ಯಾರೆಟ್ ಎಂದು ಹಳೆಯ ಗೆಳೆಯರಿಗೆ ಗುರುತು ಹತ್ತಲು ಬಹಳ ಹೊತ್ತು ಹಿಡಿಯಿತು. ಈ ಸಂಗತಿಯನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಕೋಡಿಬಾಗದಲ್ಲಿ ನಮಗೆ ತಿಳಿದದ್ದು, ಇದು ಕಾಯಿಲೆಯಾಗಿ ದೂರವಾದ ಗೆಳೆಯನಿಗಾಗಿ ಮಾಡಿದ ಹಾಡು ಎಂಬುದಷ್ಟೇ. ಸದಾಶಿವಗಡದವನು ಯಾವುದೋ ಪತ್ರಿಕೆಯಲ್ಲಿ ಓದಿ ಬಂದು ಹೇಳಿದ್ದ. ಅದನ್ನು ಕೇಳಿದ ಸಂಜೆ ಮತ್ತೆ ಕ್ಯಾಸೆಟ್ ಹಾಕಿದೆವು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ನಾವು ಒಂದು ವರ್ಷ ಏನು ಮಾಡಿದ್ದೆವು ಎಂಬುದು ಇಬ್ಬರಿಗೂ ತಿಳಿದಿತ್ತು.

ಮುಂದಿನ ಭಾನುವಾರ ಬೆಳಗಿನ ಬಸ್ಸು ಹಿಡಿದು ಕುಮಟಾಕ್ಕೆ ಬಂದು, ದೇವಿಮನೆ ಘಟ್ಟ ಹತ್ತಿ ಅವನ ಊರಿಗೆ ಹೋದೆವು. ಜಗಲಿಯಲ್ಲಿ ಕುಳಿತಿದ್ದ ಅವನು ನಮ್ಮನ್ನು ನೋಡಿ ನಗಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಅವನ ಆಯಿ ಮಜ್ಜಿಗೆ ಕೊಟ್ಟರು; ಊಟಕ್ಕೆ ತಂಬುಳಿ, ಅಪ್ಪೆಹುಳಿ ಬಡಿಸಿದರು; ಕಾರವಾರದಿಂದ ಯಾರಾದರೂ ಬರಬಹುದೆಂದು ಮೊದಮೊದಲು ದಿನವೂ ದಣಪೆಯ ಕಡೆ ನೋಡುತ್ತಿದ್ದ ಎಂದರು. ಆ ಮಾತು ಇಂದಿಗೂ ನನ್ನಲ್ಲಿ ಹಾಗೆಯೇ ಉಳಿದಿದೆ. ಆಮೇಲೆ ತಿಂಗಳಿಗೊಮ್ಮೆ ಹೋದೆವು. ನಾಲ್ಕನೆಯ ಸಲವೋ ಐದನೆಯ ಸಲವೋ, ನಾವು ಹೊರಡುವ ಹೊತ್ತಿಗೆ, ಜಗಲಿಯ ಕಂಬದ ಮೇಲೆ ಅವನ ಬೆರಳು ಆಡುತ್ತಿದ್ದುದನ್ನು ಕಂಡೆ: ಮೂರು, ಎರಡು, ಎರಡು. ಅವನು ಕಾಲೇಜಿಗೆ ಮರಳಲಿಲ್ಲ. ಔಷಧಿ ತೆಗೆದುಕೊಳ್ಳುತ್ತ, ತೋಟ ನೋಡಿಕೊಂಡು, ಊರಿನ ತಾಳಮದ್ದಳೆಗಳಲ್ಲಿ ಮದ್ದಳೆ ನುಡಿಸುತ್ತ ಇದ್ದಾನೆ. ನಮ್ಮ ಗೆಳೆತನ ಉಳಿದಿದೆ.

ಪರೀಕ್ಷೆಯ ವಿಷಯದಲ್ಲಿ ತಮ್ಮ ಕಳವಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಉಳಿದಿರುವ ಎರಡು ವಿಷಯಗಳನ್ನು ಅವನು ಓದಿ ಮುಗಿಸಲೇಬೇಕು. ಅದನ್ನು ಹೇಳುವ ಹಕ್ಕು ತಮಗೆ ಪೂರ್ತಿಯಾಗಿ ಇದೆ. ಆದರೆ ಇಡೀ ದಿನ ಮಲಗಿ ಕೇಳುವ ಹುಡುಗ ಹಾಡಿನಿಂದ ಹಾಗಾಗಿದ್ದಾನೋ, ಬೇರೆ ಯಾವುದೋ ಭಾರಕ್ಕೆ ಹಾಡಿನ ಆಸರೆ ಹಿಡಿದಿದ್ದಾನೋ ಎಂಬುದನ್ನು ಹತ್ತಿರ ಕುಳಿತು ಕೇಳದೆ ತಿಳಿಯಲಾಗದು. ನಾವು ಗೆಳೆಯನನ್ನು ಕೇಳಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಕೋರಿಕೆ. ಈ ಸಲ ಅವನು ಊರಿಗೆ ಬಂದಾಗ ಹೆಡ್‌ಫೋನ್ ತೆಗೆಸಿ, 'ಡಾರ್ಕ್ ಸೈಡ್' ಆಲ್ಬಮ್ಮನ್ನು ಜಗಲಿಯಲ್ಲಿ ಎಲ್ಲರಿಗೂ ಕೇಳುವಂತೆ ಹಾಕಲು ಹೇಳಿ. ನಲವತ್ತಮೂರು ನಿಮಿಷ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ನಾಣ್ಯದ ಸದ್ದು ಬಂದೊಡನೆ, ಆಟ ನೋಡಿ ಬೆಳೆದ ತಾವು, ಅವನಿಗೆ ಕಾಣುವಂತೆ ಕೈಯಲ್ಲಿ ತಾಳ ಹಾಕಿ. ಅವನು ಏನೆಂದನೆಂದು ನನಗೆ ಬರೆದು ತಿಳಿಸಿ. ಅವನು ಒಪ್ಪಿದರೆ ಆ ಪತ್ರಕ್ಕೂ ಇದೇ ಪುಟದಲ್ಲಿ ಜಾಗವಿರುತ್ತದೆ.

ತಮ್ಮ ವಿಶ್ವಾಸಿ,
ಸಂಪಾದಕ