ಟಿ42ರಲ್ಲಿ ಡಾಸ್ ಆಟಕ್ಕೆ ಸದ್ದು ಬಾರದಿದ್ದರೆ

ವಿಂಡೋಸ್ ಆಟಗಳಿಗೆಲ್ಲ ಸದ್ದು ಬರುತ್ತದೆ, ವಿಂಡೋಸ್ ಬಿಟ್ಟು ಹಳೆಯ ಡಾಸ್ ಕಾರ್ಯಾಚರಣಾ ವ್ಯವಸ್ಥೆಗೆ ಬೂಟ್ ಮಾಡಿ ಡೂಮ್ ಆಟ ಹಾಕಿದರೆ ಮಾತ್ರ ಇಲ್ಲ ಅಂದಿದ್ದೀರಿ. ನಿಮ್ಮ ಥಿಂಕ್‌ಪ್ಯಾಡ್ ಟಿ42 ಲ್ಯಾಪ್‌ಟಾಪ್ ಕೆಟ್ಟಿಲ್ಲ, ಸುಮ್ನೆ ಬಿಚ್ಚಲು ಹೋಗಬೇಡಿ. 1993ರ ಡೂಮ್ ವಿಂಡೋಸ್ ಡ್ರೈವರನ್ನು ಕೇಳುವುದಿಲ್ಲ. ನೇರವಾಗಿ 220 ಪೋರ್ಟ್‌ನಲ್ಲಿ (ಯಂತ್ರದೊಳಗಿನ ಒಂದು ವಿಳಾಸ) ಆ ಕಾಲದ ಸೌಂಡ್ ಕಾರ್ಡ್ ಸೌಂಡ್ ಬ್ಲಾಸ್ಟರ್ ಹುಡುಕುತ್ತದೆ. ಟಿ42ರಲ್ಲಿರುವುದು ಬೇರೆ ಬಗೆಯ ಎಸಿ97 ಸೌಂಡ್ ಚಿಪ್, ಆ ಪೋರ್ಟ್‌ನಲ್ಲಿ ಉತ್ತರ ಕೊಡುವವರೇ ಇಲ್ಲ.

ಸದ್ಯಕ್ಕೆ ವಿಂಡೋಸ್ ಎಕ್ಸ್‌ಪಿಯಲ್ಲಿ ಡಾಸ್‌ಬಾಕ್ಸ್ ಹಾಕಿಕೊಳ್ಳಿ, ಅದು ಡಾಸ್ ಯಂತ್ರವನ್ನೂ ಸೌಂಡ್ ಬ್ಲಾಸ್ಟರನ್ನೂ ಅನುಕರಿಸುವ ತಂತ್ರಾಂಶ. ಹಳೆಯ 2ಡಿ ಆಟಗಳಿಗೆ ಧಾರಾಳ ಸಾಕು. ಅಪ್ಪಟ ಡಾಸೇ ಬೇಕೆಂದರೆ 1998ರ ಥಿಂಕ್‌ಪ್ಯಾಡ್ 600 ಹುಡುಕಿ. ಅದರ ಕ್ರಿಸ್ಟಲ್ ಚಿಪ್ ಸೌಂಡ್ ಬ್ಲಾಸ್ಟರ್ ಪ್ರೊ ತರಹವೇ ನಡೆದುಕೊಳ್ಳುತ್ತದೆ, ಕೇಳಲು ನಿಜಕ್ಕೂ ಖುಷಿ. ಕೊಳ್ಳುವ ಮುಂಚೆ ಒಳಗಿನ ಸಿಮಾಸ್ ಬ್ಯಾಟರಿ (ಗಡಿಯಾರ, ಸೆಟ್ಟಿಂಗ್ ಉಳಿಸುವ ಪುಟ್ಟ ಬ್ಯಾಟರಿ) ಸೋರಿದೆಯಾ ನೋಡಿ. ಥಿಂಕ್‌ಪ್ಯಾಡ್ 600ರಲ್ಲಿ 3ಡಿ ವೇಗವರ್ಧಕ ಇಲ್ಲ, ಹಾಗಾಗಿ ಟಿ42 ಮಾರಬೇಡಿ. ಟಿ42ರ ರೇಡಿಯಾನ್ ಗ್ರಾಫಿಕ್ಸ್ ಚಿಪ್ 3ಡಿ ವಿಂಡೋಸ್ ಆಟಗಳಿಗೆ ಬೇಕೇ ಬೇಕು.