ಎಣಿಸುವವರು ಯಾರು ಅಂತ ಬರೆಯಿರಿ

ನಮಸ್ಕಾರ. 'ಜಾಗತಿಕ ಜೀವವೈವಿಧ್ಯ ನಿಗಾ ಜಾಲ: 2050ರ ಗುರಿಗಳು' ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು. ಓದಿಕೊಂಡು ಬರೆದಿದ್ದೀರಿ, ಇಸವಿಗಳೂ ಸರಿ ಇವೆ. ಆದರೆ ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ಪ್ಯಾರಾ ನೋಡಿ. "ವಿಶ್ವದಾದ್ಯಂತ ಪ್ರಭೇದಗಳ ಮೇಲೆ ನಿರಂತರ ನಿಗಾ ವಹಿಸಬೇಕಾಗಿದೆ." ಯಾರು ವಹಿಸಬೇಕು? ಮುಂದಿನ ಸಾಲು: "ದತ್ತಾಂಶ ಸಂಗ್ರಹಿಸುವ ಕಾರ್ಯ ಆಗಬೇಕಿದೆ." ಎಲ್ಲಿ, ಯಾರಿಂದ? ಅದರ ಮುಂದಿನದು: "ಸೂಕ್ತ ಕ್ರಮ ಕೈಗೊಳ್ಳುವ ಅಗತ್ಯವಿದೆ." ಇದು ಸುತ್ತೋಲೆಯ ಭಾಷೆ ಅಲ್ವಾ? ಬೇರೆ ಬೇರೆ ದೇಶಗಳ ವೀಕ್ಷಣಾ ಜಾಲಗಳನ್ನು ಜೋಡಿಸಲು 2008ರಲ್ಲಿ ಶುರುವಾದ ಜಿಯೋ ಬಾನ್ ನಿಮ್ಮ ಲೇಖನದಲ್ಲಿದೆ. ಜೀವವೈವಿಧ್ಯ ಉಳಿಸಲು 2022ರ ಡಿಸೆಂಬರಿನಲ್ಲಿ ಕುನ್ಮಿಂಗ್-ಮಾಂಟ್ರಿಯಲ್ ಚೌಕಟ್ಟು ಎಂಬ ಒಪ್ಪಂದದಲ್ಲಿ ದೇಶಗಳು ಒಪ್ಪಿಕೊಂಡ 23 ಗುರಿಗಳಿವೆ. ದುರ್ಬೀನು ಹಿಡಿದು ಕೆಸರಲ್ಲಿ ನಿಂತ ಒಬ್ಬ ಮನುಷ್ಯ ಮಾತ್ರ ಎಲ್ಲೂ ಇಲ್ಲ.

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಎರಡನೇ ಪುಟದ ಈ ಸಾಲು: "ದಾಖಲೆಗಳು ಹೆಚ್ಚಿದಷ್ಟೂ ಚಿತ್ರಣ ಸ್ಪಷ್ಟವಾಗುತ್ತದೆ." ಹಾಗಲ್ಲ. ಯಾವಾಗಲೋ ಒಮ್ಮೆ ಉಳ್ಳಾಲದ ಅಳಿವೆಗೆ ಹೋಗಿ, ಚಂದದ ಹಕ್ಕಿಯೊಂದರ ಫೋಟೋ ತೆಗೆದು ಹಾಕಿದರೆ ಅದೂ ದಾಖಲೆಯೇ. ಆದರೆ ಹಕ್ಕಿ ಕಮ್ಮಿಯಾಯಿತೋ ಇಲ್ಲವೋ ಅಂತ ಅದರಿಂದ ಗೊತ್ತಾಗುವುದಿಲ್ಲ. ಅದೇ ಜಾಗಕ್ಕೆ, ಅದೇ ಹೊತ್ತಿಗೆ, ವರ್ಷ ವರ್ಷವೂ ಹೋಗಬೇಕು. ಕಂಡದ್ದನ್ನೆಲ್ಲ ಬರೆಯಬೇಕು, ಕಾಗೆಯನ್ನೂ. ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಸೇರಿಸುವಾಗ, ನೀವು ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಅಂತ ಕೇಳುವುದು ಇದಕ್ಕೇ. ಹೌದು ಅಂದರೆ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅವತ್ತು ಅಲ್ಲಿ ಕಾಣಲಿಲ್ಲ ಅಂತ ಲೆಕ್ಕಕ್ಕೆ ಹಿಡಿಯಬಹುದು.

ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಯನ್ನು ನೀವೇ ಎತ್ತಿದ್ದೀರಿ. 30 ಸಾವಿರಕ್ಕೂ ಹೆಚ್ಚು ಜನ ಕೊಟ್ಟ ಸುಮಾರು 3 ಕೋಟಿ ದಾಖಲೆ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಅದೇ ವರದಿ 942 ಜಾತಿಗಳನ್ನು ಪರಿಶೀಲಿಸಿದರೂ, ದೀರ್ಘಾವಧಿಯಲ್ಲಿ ಏರಿತೋ ಇಳಿಯಿತೋ ಹೇಳಲು ಸಾಧ್ಯವಾದದ್ದು 338ರ ಬಗ್ಗೆ ಮಾತ್ರ. ಅವುಗಳಲ್ಲಿ 204 ಇಳಿದಿವೆ. ಅಷ್ಟು ರಾಶಿ ದಾಖಲೆ ಇದ್ದೂ ಉಳಿದವುಗಳ ಬಗ್ಗೆ ಬಾಯಿ ಬಿಡಲು ಆಗಲಿಲ್ಲ. ನಿಮ್ಮ ಲೇಖನದ ಜೀವ ಇದ್ದದ್ದೇ ಇಲ್ಲಿ, ಇದನ್ನೇ ಬಿಟ್ಟಿರಿ!

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಮಂಗಳೂರು ದಕ್ಕೆಯ, ಅಂದರೆ ಮೀನುಗಾರಿಕಾ ಬಂದರಿನ, ಮೀನಿನ ದರ ಬರೆದು ತರುವ ಕೆಲಸ ಕೊಟ್ಟಿದ್ದರು. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ. ದಿನಾ ಅದೇ ಸಾಲು, ಅದೇ ಕ್ರಮ. ಏಲಂ ಕೂಗುವವರ ನಡುವೆ ನಿಂತು, ಒದ್ದೆಯಾದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೆ. ಡೆಸ್ಕಿನಲ್ಲಿದ್ದ ಹಿರಿಯರು ಮೊದಲ ದಿನವೇ ಹೇಳಿದ್ದರು: "ಬೂತಾಯಿ ಬಾರದಿದ್ರೆ ಆ ಸಾಲು ತೆಗೀಬೇಡ ಮಾರಾಯ. 'ಇಲ್ಲ' ಅಂತ ಬರಿ. ಯಾವತ್ತಿಂದ ಇಲ್ಲ ಅಂತ ನಾಳೆ ಯಾರಾದ್ರೂ ಕೇಳ್ತಾರೆ." ಬರೆಯುವುದರ ಬಗ್ಗೆ ನನಗೆ ಸಿಕ್ಕ ಮೊದಲ ಪಾಠ ಅದು. ನಿಮ್ಮ ಲೇಖನ ಓದುವಾಗ ಉದ್ದಕ್ಕೂ ಅವರ ದನಿಯೇ ಕಿವಿಯಲ್ಲಿತ್ತು.

ಇನ್ನು ಮೂರನೇ ಪುಟದ ಕೊನೆ: "ಮಂಗಳೂರಿನಲ್ಲೂ ಹೊಸ ಕಪ್ಪೆಯೊಂದು ಪತ್ತೆಯಾಗಿದೆ." ಇಷ್ಟೇನಾ? ಅದು ಮೈಕ್ರೊಹೈಲಾ ಕೊಡಿಯಾಲ್. 2018ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಹೆಬ್ಬೆರಳ ಮೇಲೆ ಕೂರುವಷ್ಟು ಪುಟ್ಟದು. ಸಿಕ್ಕಿದ್ದು ಘಟ್ಟದ ದಟ್ಟ ಕಾಡಿನಲ್ಲಲ್ಲ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ನಮ್ಮ ನಗರದ ಕೈಗಾರಿಕಾ ಜಾಗದಲ್ಲಿ. ಇಂಥ ಕಪ್ಪೆ ಇನ್ನು ಇಪ್ಪತ್ತು ವರ್ಷಕ್ಕೆ ಇರುತ್ತದಾ ಅಂತ ತಿಳಿಯಬೇಕಾದರೆ, ಪ್ರತಿ ಮಳೆಗಾಲ ರಾತ್ರಿ ಅದೇ ನೀರಿನ ಹೊಂಡಗಳ ಹತ್ತಿರ ನಿಂತು, ಗಂಡುಗಳ ಕೂಗಿಗೆ ಯಾರಾದರೂ ಕಿವಿಗೊಡಬೇಕು. ಕೂಗು ಕೇಳದಿದ್ದರೆ ಅದನ್ನೂ ಬರೆದಿಡಬೇಕು. ಜಾಗತಿಕ ಜಾಲ ಅಂದರೆ ಇಂಥ ಸಾವಿರಾರು ಹೊಂಡಗಳು, ಸಾವಿರಾರು ರಾತ್ರಿಗಳು. ದೀರ್ಘಾವಧಿ ಗುರಿ ಅಂತ ನೀವು ಬರೆಯಬೇಕಾದದ್ದು ಇದನ್ನು.

ಹೀಗೆ ಮಾಡಿ. ಕಪ್ಪೆಯನ್ನು ಮೊದಲ ಪ್ಯಾರಾಕ್ಕೆ ತನ್ನಿ. 23 ಗುರಿಗಳ ಪಟ್ಟಿ ತೆಗೆಯಿರಿ, ದತ್ತಾಂಶದ ಬಗ್ಗೆ ಇರುವ 21ನೆಯದೊಂದು ಸಾಕು. ಮತ್ತೆ ನಿಮ್ಮ ಪಂಚಾಯಿತಿಗೆ ಹೋಗಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅಲ್ಲೊಂದು ಜೀವವೈವಿಧ್ಯ ಸಮಿತಿ, ಊರಿನ ಜೀವವೈವಿಧ್ಯವನ್ನು ಬರೆದಿಡುವ ಜನತಾ ದಾಖಲಾತಿ ಇರಬೇಕು. ತೆಗೆಸಿ ನೋಡಿ. ಒಮ್ಮೆ ಬರೆದು ಕಪಾಟಿಗೆ ಸೇರಿಸಿದ್ದೋ, ಆಮೇಲೂ ತಿದ್ದುತ್ತಾ ಬಂದಿದ್ದಾರೋ? ಬರೆದವರು ಊರಲ್ಲಿದ್ದರೆ ಮಾತಾಡಿಸಿ, ಅವರ ಮಾತು ಲೇಖನದಲ್ಲಿ ಬರಲಿ. ಜೂನ್ ಸಂಚಿಕೆಯಲ್ಲಿ ಎರಡು ಪುಟ ನಿಮಗೆ ಇಟ್ಟಿರುತ್ತೇನೆ, ಮೇ 10ರೊಳಗೆ ಕಳಿಸಿ.